ಅಕ್ರೋಟಿನ ಎರಡು ಹಲಗೆ

ಚನ್ನಪಟ್ಟಣ
೧೧ ಫೆಬ್ರುವರಿ ೨೦೨೪, ಭಾನುವಾರ

ಪ್ರೀತಿಯ ಮಗಳು ಮಮತಾಗೆ,

ಉಯ್ಯಂಬಳ್ಳಿಯಲ್ಲಿ ನೀನೂ ಅಳಿಯಂದಿರೂ ಆರೋಗ್ಯವಾಗಿದ್ದೀರಿ ತಾನೆ? ನಿನ್ನ ಬೆನ್ನುನೋವು ಹೇಗಿದೆ? ಉಪ್ಪು ಹುರಿದು, ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟುಕೋ. ನಾಲ್ಕು ತಿಂಗಳಿಂದ ನನ್ನ ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಬೊಂಬೆ ಕಾರ್ಖಾನೆಯನ್ನು ನಿನ್ನ ಅಣ್ಣ ಪ್ರಕಾಶನ ಕೈಗೆ ಕೊಟ್ಟೆನೆಂಬ ಸಿಟ್ಟು ಇನ್ನೂ ಇಳಿದಿಲ್ಲ ಎಂದಾಯಿತು. ಇರಲಿ, ಸಿಟ್ಟು ನಮ್ಮ ವಂಶದ್ದೇ.

ಇಲ್ಲಿ ನಡೆದ ತಮಾಷೆ ಕೇಳು. ಮಾಗಡಿ ಕಡೆಯ ತೋಟದ ಸಾಹುಕಾರ, ಬಾಲರಾಜು ಅಂತ ಒಬ್ಬ ಬಂದ. ರೈಫಲ್ ಕ್ಲಬ್ಬಿನಲ್ಲಿ ಕಾಗದದ ಮೇಲಿನ ಚುಕ್ಕೆಗೆ ಗುಂಡು ಹೊಡೆಯುವ ಮಹಾಶೂರ. ರೈಫಲ್ಲಿಗೆ ತನ್ನ ಹೆಗಲಿನ ಅಳತೆಗೇ ಮರದ ಹಿಡಿ ಮಾಡಿಕೊಡಬೇಕಂತೆ. ಕಾಶ್ಮೀರದಿಂದ ತರಿಸಿದ ಎರಡು ಅಕ್ರೋಟ್ ಹಲಗೆಗಳನ್ನು ಹಸುಗೂಸಿನ ಹಾಗೆ ಶಾಲಿನಲ್ಲಿ ಸುತ್ತಿಕೊಂಡು ಬಂದಿದ್ದ. ಒಂದರ ತುಂಬಾ ಹೊಗೆ ಸುಳಿದಂಥ ಚಿತ್ತಾರ. ಇನ್ನೊಂದು ಸಾದಾ, ಮುದ್ದೆ ಕೋಲಿನ ಥರ. "ಯಾವ್ದಾದ್ರೂ ಒಂದ್ ಆರ್ಸಿ ಯಜಮಾನ್ರೇ, ಫೋಟೋದಾಗೆ ಎದ್ದು ಕಾಣ್ಬೇಕು" ಅಂದ. ಗುಂಡು ಹೊಡೆಯುವವನಿಗೆ ಫೋಟೋ ಚಿಂತೆ! ಥೂ, ಇವನ ಶೋಕಿಗಿಷ್ಟು.

ನಾವು ಹಾಲೆ ಮರದ ಜನ. ಬೊಂಬೆ ಕಡೆದು, ಬಣ್ಣದ ಅರಗು ಹಚ್ಚಿ, ತಾಳೆಗರಿಯಲ್ಲಿ ಉಜ್ಜಿಬಿಟ್ಟರೆ ಒಳಗಿನ ಎಳೆ ಯಾವ ಕಡೆ ಓಡಿದೆಯೆಂದು ದೇವರಿಗೂ ಕಾಣುವುದಿಲ್ಲ. ಬಂದೂಕಿನಲ್ಲಿ ಆ ಆಟ ನಡೆಯುವುದಿಲ್ಲ. ಬೆರಳು ಸುತ್ತಿ ಹಿಡಿಯುವ ಸಣ್ಣ ಜಾಗದಲ್ಲಿ ಎಳೆ ಉದ್ದಕ್ಕೆ ಓಡಬೇಕು, ಅಡ್ಡ ಬಂದರೆ ಸೀಳುತ್ತದೆ. ಚಿತ್ತಾರದ ಹಲಗೆಯಲ್ಲಿ ಸರಿಯಾಗಿ ಅಲ್ಲೇ ಅಡ್ಡ ತಿರುಗಿತ್ತು. ನಿನ್ನ ಅಣ್ಣ, ಆ ಮಹಾನುಭಾವ, ಹದಿನೈದು ದಿನ ಕೂತು ಅದನ್ನೇ ಕೆತ್ತಿದ. ಬಾಲರಾಜು ಬಂದವನೇ ಕೈಗೆ ತೆಗೆದುಕೊಂಡು ನೆಲಕ್ಕೆ ಜೋರಾಗಿ ಊರಿದ ನೋಡು, ಟಪ್ಪೆಂದು ಎರಡಾಯಿತು. "ನಿಮ್ ಮಗಂಗೆ ಬುಗುರಿನೇ ಸರಿ ಬುಡಿ" ಎಂದು ಬೀದಿಯವರ ಮುಂದೆ ನಕ್ಕ. ಪ್ರಕಾಶ ಬಗ್ಗಿ ಎರಡು ತುಂಡುಗಳನ್ನೂ ಆರಿಸಿಕೊಂಡ. ನಾನೂ ಅವನನ್ನು ದಂಡಪಿಂಡ, ಕಣ್ಣಿದ್ದೂ ಕುರುಡ ಎಂದು ಎಲ್ಲರೆದುರೇ ಬೈದೆ. ಮೂರು ದಿನವಾಯಿತು, ಅವನು ಕಾರ್ಖಾನೆಗೆ ಕಾಲಿಟ್ಟಿಲ್ಲ.

ಅಳಿಯಂದಿರಿಗೆ ನಾನು ಕೇಳಿದೆನೆಂದು ಹೇಳು. ನಿಮ್ಮಿಬ್ಬರ ಮನೆ ತಣ್ಣಗಿರಲಿ.

ಇತಿ ನಿನ್ನ ಅಪ್ಪ,
ನರಸಯ್ಯ

ಬರೆಯದೆ ಬಿಟ್ಟದ್ದು: ಪ್ರಕಾಶ ಮೊದಲು ಎತ್ತಿಕೊಂಡದ್ದು ಸಾದಾ ಹಲಗೆಯನ್ನೇ. "ಎಳೆ ನೋಡು ಅಂತ ಮಮತಾ ಯಾವಾಗ್ಲೂ ಅಂತಿದ್ಲು ಕಣಪ್ಪ, ಇದೇ ಸರಿ" ಅಂದ. "ಅವ್ಳೇನ್ಲಾ ನಂಗೆ ಹೇಳ್ಕೊಡೋದು" ಎಂದು ಕಿತ್ತುಕೊಂಡು ಚಿತ್ತಾರದ್ದನ್ನು ಅವನ ಕೈಗೆ ತುರುಕಿದವನು ನಾನು. ಬಾಲರಾಜು ನಗುವಾಗ ಅದನ್ನು ಪ್ರಕಾಶನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಮುಂದಿನ ಭಾನುವಾರ ಉಳಿದ ಹಲಗೆ ವಾಪಸು ಒಯ್ಯಲು ಆ ಮನುಷ್ಯ ಮತ್ತೆ ಬರುತ್ತಾನೆ. ಅದೇ ಬೀದಿಯಲ್ಲಿ, ಅದೇ ಜನರೆದುರು ನಿಜ ಹೇಳಬೇಕೆಂದಿದ್ದೇನೆ. ನೀನು ಶನಿವಾರವೇ ಬಂದುಬಿಡು. ಒಬ್ಬನೇ ನಿಂತು ಹೇಳುವಷ್ಟು ಧೈರ್ಯ ನನಗಿಲ್ಲ, ಮಗಳೇ.