ಅಮೀನಗಡದಿಂದ ತಿರುಗಿ ಹೋದ ತಮ್ಮನಿಗೆ

ಬಾಗಲಕೋಟೆ
೨೫-೧೦-೧೯೮೯

ಪ್ರೀತಿಯ ತಮ್ಮ ರಾಚಪ್ಪನಿಗೆ ಅಕ್ಕ ಗುರುಲಿಂಗವ್ವನ ಆಶೀರ್ವಾದ.

ಹೇಗಿದ್ದೀ? ರಂಜಾನಬಿ ಹೇಗಿದ್ದಾಳೆ? ಬೆಳಗಾವಿಯ ಥಂಡಿ ಅವಳಿಗೆ ಒಗ್ಗುತ್ತಿಲ್ಲ ಎಂದು ಬರೆದಿದ್ದೆಯಲ್ಲ, ಒಂದು ದಪ್ಪ ಕೌದಿ ಕೊಡಿಸು. ಕೆಮ್ಮಿದರೆ ಎದ್ದು ಕಷಾಯ ಕಾಸಿಕೊಡು, ಗಂಡಸೆಂಬ ಬಿಂಕ ಬೇಡ. ನಾನು ಆರಾಮ ಇದ್ದೇನೆ ಎಂದು ಬರೆಯುವುದು ವಾಡಿಕೆ. ಆದರೆ ಇಲ್ಲ, ಆರಾಮ ಇಲ್ಲ. ಅವ್ವ ಹೋದ ಮೇಲೆ ಅನ್ನ ರುಚಿಸುತ್ತಿಲ್ಲ, ಸಿಟ್ಟು ಮಾತ್ರ ಬೇಗ ಬರುತ್ತದೆ. ಆ ಸಿಟ್ಟೆಲ್ಲ ನಿನ್ನ ಮೇಲೆಯೇ ಇದೆ.

ಅವ್ವ ಹೋದ ದಿನ ನೀನು ಅಮೀನಗಡದವರೆಗೆ ಬಂದು ತಿರುಗಿ ಹೋದೆಯಂತೆ. ಇಳಕಲ್ಲಿನಿಂದ ಮರಳುವಾಗ ಬಸ್ಸು ಅಲ್ಲಿ ನಿಂತಿತು, ಚಹಾದ ಅಂಗಡಿಯ ಮಲೀಕಸಾಬ ಕಿಟಕಿಯ ಹತ್ತಿರ ಬಂದು ಹೇಳಿದ. “ನಿಮ್ಮ ತಮ್ಮಾರು, ಅವರ ಮನಿಯವರು ಇಬ್ಬರೂ ಬಂದಿದ್ರಿ. ಹೊತ್ತು ಮುಳುಗೂತನಕ ಬಾಕಿನ ಮ್ಯಾಲ ಕುಂತಿದ್ರು. ಚಹಾ ಕೊಟ್ರೂ ಮುಟ್ಟಲಿಲ್ರಿ. ಬಾಗಲಕೋಟಿ ಬಸ್ ಬಂತು, ಹತ್ತಿ ಹೋಗಿಬಿಟ್ರು” ಅಂದ. ಎಲ್ಲರ ಎದುರಿಗೆ ಅಳಬಾರದೆಂದು ತುಟಿ ಕಚ್ಚಿಕೊಂಡೆ, ಆದರೂ ಹುನಗುಂದದ ಅಜ್ಜಿಯೊಬ್ಬಳು ನನ್ನ ಬೆನ್ನು ಸವರುವ ಹಾಗಾಯಿತು. ಅಲ್ಲೋ ಹುಚ್ಚಾ, ತಾರು ಕಳಿಸಿದವಳು ನಾನು! ಅಪ್ಪ ಏನಂದರೂ ನಾನು ನಡುವೆ ನಿಲ್ಲುತ್ತಿದ್ದೆ. ನಿನ್ನ ಮದುವೆಯ ದಿನ ಅವನು “ಈ ಹೊಸ್ತಿಲಾ ದಾಟಬ್ಯಾಡ” ಅಂದದ್ದು ನಿಜ. ಆದರೆ ಸತ್ತ ತಾಯಿಯ ಮುಖ ನೋಡಲು ಬಂದ ಮಗನಿಗೆ ಬಾಗಿಲು ಹಾಕುವಷ್ಟು ಕಲ್ಲೆದೆ ಅವನದಲ್ಲ ಎಂದು ನಾನು ನಂಬಿದ್ದೆ. ಈಗಲೂ ನಂಬುತ್ತೇನೆ.

ನಮ್ಮ ಕಾಲೇಜಿನ ಕಂಪ್ಯೂಟರ್ ಕೋಣೆಯ ಸುದ್ದಿ ಹೇಳುತ್ತೇನೆ, ಇಲ್ಲದಿದ್ದರೆ ಈ ಹಾಳೆಯೆಲ್ಲ ಒದ್ದೆಯಾಗುತ್ತದೆ. ನೀನು ಬೇಸಿಗೆಯಲ್ಲಿ ಕೂಡಿಸಿ ಹೋದ ಸರ್ವರ್ ಕೆಟ್ಟು ನಿಂತಿತ್ತು. ಖಂಡೆ ಪೂಜೆಯ ದಿನ ಯಂತ್ರಗಳಿಗೆಲ್ಲ ವಿಭೂತಿ ಹಚ್ಚಿ, ಹೂ ಏರಿಸಿ, ಕಾಯಿ ಒಡೆದೆವು. ನಾನು ಪ್ರಸಾದ ಹಂಚಲು ಹೊರಗೆ ಹೋದೆ ನೋಡು, ಅಷ್ಟರಲ್ಲಿ ನಮ್ಮ ಜವಾನ ಕಲ್ಲಪ್ಪ ಸರ್ವರಿನ ಗುಂಡಿಯನ್ನೇ ಆರಿಸಿಬಿಟ್ಟ. ಮಗ್ಗ, ರಂಟೆ, ಕುಡುಗೋಲು ಎಲ್ಲ ಸುಮ್ಮನಿರುವ ದಿನ ಇದೊಂದು ಮಾತ್ರ ಗುಂಯ್‌ಗುಡುತ್ತ ದುಡಿಯುತ್ತಿದೆಯಲ್ಲ ಎಂದು ಅವನಿಗೆ ಕನಿಕರ. “ವರ್ಷಕ್ಕೊಂದ ದಿನ ಇದಕ್ಕೂ ಸೂಟಿ ಬ್ಯಾಡೇನ್ರಿ ಅಕ್ಕಾರ?” ಅಂದ. ಏನು ಬಯ್ಯಲಿ ಅವನಿಗೆ? ಮೊದಲು ಹೇಳಿ, ತೆರೆದ ಫೈಲುಗಳನ್ನೆಲ್ಲ ಮುಚ್ಚಿಸಿ, ಆಮೇಲೆ ಆರಿಸಬೇಕೆಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಸೂಟಿ ಮುಗಿಸಿ ಬಂದು ಹಚ್ಚಿದರೆ ಅದು ಮೇಲೇಳಲಿಲ್ಲ. ಉಳಿದ ಹತ್ತು ಕಂಪ್ಯೂಟರುಗಳಿಗೆ ತಮ್ಮದೆಂಬ ಡಿಸ್ಕೇ ಇಲ್ಲವಲ್ಲ, ಅವು ತಂತಿಯ ಮೇಲೆ ಸರ್ವರನ್ನು ಕೂಗಿ ಕೂಗಿ ಕಪ್ಪು ಪರದೆ ಇಟ್ಟುಕೊಂಡು ಕೂತವು. ನಾನು ಅದರ ಹೊಟ್ಟೆ ಬಿಚ್ಚಿಕೊಂಡು ಕೂತಾಗಲೇ ಇಳಕಲ್ಲಿನಿಂದ ಅವ್ವನ ಸುದ್ದಿ ಬಂತು.

ಹಾಗೆಯೇ ಬಿಟ್ಟು ಓಡಿದೆ. ಅವ್ವ ನೋವುಣ್ಣಲಿಲ್ಲ, ಅದೊಂದು ಸಮಾಧಾನ. ಬೆಳಿಗ್ಗೆ ನೂಲು ಸುತ್ತುತ್ತ ಕೂತವಳು ಎದೆ ಹಿಡಿದುಕೊಂಡಳಂತೆ. ಪಡಸಾಲೆಯಲ್ಲಿ ಕೂಡಿಸಿ, ವಿಭೂತಿ ಹಚ್ಚಿ, ಭಜನೆ ಶುರುಮಾಡಿದ್ದರು. ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕು ಎನ್ನುವುದು ನಮ್ಮ ಮನೆತನದ ಪದ್ಧತಿ, ನಿನಗೂ ಗೊತ್ತು. ಅಪ್ಪ ಮಾತ್ರ ಅಂದು ಯಾರ ಮಾತೂ ಕೇಳಲಿಲ್ಲ. “ತವರಮನಿ ಸೀರಿ ಬರಲಿ” ಅಂದ. ಕಲಾದಗಿಯ ಸೋದರಮಾವ ಸೀರೆ ತಂದು, ಉಡಿಸಿದ್ದೂ ಆಯಿತು. ಆಗಲೂ “ಇವತ್ತ ಬ್ಯಾಡ” ಎಂದು ಕಟ್ಟೆಯ ಮೇಲೆ ಹೋಗಿ ಕೂತ. ಸ್ವಾಮಿಗಳು ಹೇಳಿದರು, ಮಾವ ಬೈದ, ಓಣಿಯವರು ಗುಸುಗುಸು ಎಂದರು. ಮುದುಕನಿಗೆ ಬುದ್ಧಿಭ್ರಮಣೆ ಆಯಿತು ಎಂದೇ ನಾನೂ ತಿಳಿದೆ. ಕೊನೆಗೆ ಮರುದಿನ ಬಿಸಿಲೇರಿದ ಮೇಲೆ ಮಣ್ಣು ಕೊಟ್ಟೆವು.

ಎಲ್ಲ ಮುಗಿಸಿ ಬಂದವಳು ಮತ್ತೆ ಆ ಯಂತ್ರದ ಮುಂದೆ ಕೂತೆ. ಹುಡುಗರ ಪರೀಕ್ಷೆ ಹತ್ತಿರ ಬಂದಿತ್ತು. ನಿನ್ನ ಪಾಸ್‌ವರ್ಡ್ ನನಗೆ ಗೊತ್ತಿಲ್ಲ, ಗೊತ್ತಿದ್ದರೂ ಉಪಯೋಗವಿರಲಿಲ್ಲ. ಎಲ್ಲ ಅಳಿಸಿ ಮೊದಲಿನಿಂದ ಹಾಕಬೇಕಾಯಿತು. ಒಂದೊಂದೇ ಫ್ಲಾಪಿ ತುರುಕುತ್ತ, ನೀನು ಹೇಳಿಕೊಟ್ಟದ್ದನ್ನು ನೆನೆಸುತ್ತ ಮಾಡಿದೆ. ಕಂಪ್ಯೂಟರುಗಳನ್ನು ಎಬ್ಬಿಸುವ ಫ್ಲಾಪಿಯ ನಕಲು ತೆಗೆದು ಸರ್ವರಿನಲ್ಲಿ ಇಟ್ಟೆ. ಮೊದಲನೆಯದು ಎದ್ದಿತು! ಚಪ್ಪಾಳೆ ತಟ್ಟಿದೆ. ಅದು ಏಳುವಾಗಲೇ ಎರಡನೆಯದನ್ನು ಹಚ್ಚಿದ್ದೆ, ಅದು ಮಿಸುಕಲಿಲ್ಲ. ತಂತಿಯ ಎರಡೂ ತುದಿ ನೋಡಿದೆ, ಸರಿಯಿದ್ದವು. ಆಗ ನಿನ್ನ ಮಾತು ನೆನಪಾಯಿತು: “ಅಕ್ಕಾ, ಒಂದ ತಾಟಿನ್ಯಾಗ ಎಲ್ಲಾರಿಗೂ ಉಣ್ಣಾಕ ಬಿಡಬೇಕು, ಇಲ್ಲಾಂದ್ರ ಮೊದಲ ಕುಂತಾವನ ಉಂಡು ಏಳ್ತಾನ.” ಆ ಫೈಲನ್ನು ಎಲ್ಲರೂ ಒಟ್ಟಿಗೆ ಓದಬಹುದು ಎಂಬ ಗುರುತು ಹಾಕುವುದನ್ನೇ ಮರೆತಿದ್ದೆ. ಹಾಕಿದೆ. ಹತ್ತೂ ಎದ್ದವು. ಕಲ್ಲಪ್ಪ ಪೇಢೆ ತಂದ, ತಿನ್ನಲು ಮನಸ್ಸಾಗಲಿಲ್ಲ. ಆಮೇಲೆ ಸರ್ವರ್ ಬಳಸುವವರ ಪಟ್ಟಿಯಲ್ಲಿ ಎಲ್ಲರ ಹೆಸರು ತುಂಬಿಸುವಾಗ ನಿನ್ನ ಹೆಸರನ್ನೂ ಹಾಕಿದೆ. ನೀನು ಇಲ್ಲಿ ಕೆಲಸಕ್ಕಿಲ್ಲ, ಹಾಕಬೇಕಾಗಿರಲಿಲ್ಲ. ಸಾಹೇಬರು ಕೇಳಿದರೆ ಏನಾದರೂ ಹೇಳುತ್ತೇನೆ.

ಅವ್ವ ನಿನ್ನ ದಾರಿ ನೋಡಿ ನೋಡಿ ಹೋದಳೋ ರಾಚೂ. ಪ್ರತಿ ಸಲ ನಾನು ಮನೆಗೆ ಹೋದಾಗಲೂ ಅಪ್ಪ ಹೊರಗೆ ಹೋಗುವವರೆಗೆ ಕಾದು, “ಅಕಿ ಅಡಿಗಿ ಚಲೋ ಮಾಡ್ತಾಳಂತೇನ?” ಎಂದು ಕೇಳುತ್ತಿದ್ದಳು. ಸೊಸೆಯ ಹೆಸರು ಹೇಳಲು ನಾಚಿಕೆ ಅವಳಿಗೆ. ಹೌದು ಅನ್ನುತ್ತಿದ್ದೆ. ನಾನೇನು ಉಂಡು ನೋಡಿದ್ದೇನೆಯೇ?

ಇಬ್ಬರೂ ಚೆನ್ನಾಗಿ ಬಾಳಿರಿ, ಜಗಳವಾಡಿದರೂ ಒಂದೇ ಮನೆಯಲ್ಲಿ ಆಡಿರಿ. ರಂಜಾನಬಿಗೆ ನನ್ನ ನೆನಪು ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಕ್ಕ
ಗುರುಲಿಂಗವ್ವ

ವಿ. ಸೂ.: ಲಕೋಟೆ ಅಂಟಿಸುವ ಮೊದಲೇ ಅಪ್ಪ ಇಳಕಲ್ಲಿನಿಂದ ನನ್ನ ಮನೆಗೆ ಬಂದ, ಅದಕ್ಕೇ ಈ ನಾಲ್ಕು ಸಾಲು. ನೀನು ಅಮೀನಗಡದವರೆಗೆ ಬಂದದ್ದನ್ನು ಹೇಳಿಬಿಟ್ಟೆ. ಗೋಡೆ ಹಿಡಿದುಕೊಂಡು ಕೆಳಗೆ ಕೂತ. “ಹೊತ್ತು ಮುಳುಗಿತು, ಮಣ್ಣಾತು ಅಂತ ತಿಳದಾನವ್ವಾ ಅಂವಾ. ಅವನ ಸಲುವಾಗೇ ತಡದಿದ್ನಲ್ಲ ನಾ! ಯಾರಿಗೂ ಬಾಯಿ ಬಿಟ್ಟು ಹೇಳಲಿಲ್ಲ. ಹೇಳಿದ್ರ ಯಾರರ ಹೋಗಿ ಕರಕೊಂಡು ಬರತಿದ್ರು” ಅಂದ. ಅಪ್ಪ ಅಳುವುದನ್ನು ನಾನು ಇದೇ ಮೊದಲು ನೋಡಿದ್ದು. ಆ ರಾತ್ರಿಯೆಲ್ಲ ಅವನು ಕಟ್ಟೆಯ ಮೇಲೆ ಕೂತದ್ದು ನಿನ್ನ ಸಲುವಾಗಿ, ರಾಚೂ.