ಸೋಪಿನ ಹುಡುಗಿಯ ಹಿಂದೆ ಅಪ್ಪ

ತಮ್ಮಾ,

ಓದಿದ ಮೇಲೆ ಇದನ್ನು ಹರಿದುಹಾಕು, ಅಮ್ಮನ ಕೈಗೆ ಸಿಗಬಾರದು.

ಹತ್ತು ಗಂಟೆಗೆ ಫ್ಲೆಕ್ಸಿನವರು ಬರುತ್ತಾರೆ. ರಸ್ತೆಯಾಚೆಯ ನಮ್ಮ ಗ್ಯಾರೇಜಿನ ಬೀಗದ ಕೈ ಫ್ರಿಜ್ಜಿನ ಮೇಲಿದೆ. ಹರಿದ ಸೋಪಿನ ಜಾಹೀರಾತು ಬಿಚ್ಚಿ ಹೊಸದು ಕಟ್ಟಲಿ.

ಅಪ್ಪ ತೀರಿಹೋದಾಗ ಗ್ಯಾರೇಜಿನ ಮೇಲಿನ ನಮ್ಮ ಹೋರ್ಡಿಂಗಿನ ತುಂಬ ಅವರ ಫೋಟೋ ಹಾಕಿಸಿದ್ದೆವು. ಆಮೇಲೆ ಬಾಡಿಗೆಗೆ ಕೊಟ್ಟಾಗ "ಅಪ್ಪನ್ನ ಹೇಗೆ ಕಿತ್ತು ಹಾಕ್ಲಿ ಅಕ್ಕಾ" ಅಂತ ನೀನು ಅದರ ಮೇಲೇ ಸೋಪು ಕಟ್ಟಿಸಿದೆ. ಮಹಾ ಜಾಣ! ಈಗ ಸೋಪಿನ ಹುಡುಗಿಯ ಕೆನ್ನೆ ಹರಿದು, ಅಪ್ಪನ ಒಂದು ಕಣ್ಣು ರಸ್ತೆಯಾಚೆಯಿಂದ ನೇರ ನಮ್ಮ ಅಡಿಗೆಮನೆಯನ್ನು ನೋಡುತ್ತಿದೆ.

ಗಾಳಿಗೆ ಹರಿಯಿತು ಅಂತ ಏಜೆಂಟನಿಗೆ ಹೇಳಿದ್ದೇನೆ. ಆದರೆ ಬೆಳಿಗ್ಗೆ ಹತ್ತಿ ನೋಡಿದೆ, ಅಂಚು ಗೆರೆ ಎಳೆದಷ್ಟು ನೇರವಾಗಿದೆ. ಕೆಳಗೆ ಗ್ಯಾರೇಜಿನ ಮಾಳಿಗೆಯ ಮೇಲೆ ಅಮ್ಮನ ಹೊಲಿಗೆ ಕತ್ತರಿ ಇತ್ತು. ಮಂಡಿನೋವು ಅಂತ ಎರಡು ಮೆಟ್ಟಿಲು ಹತ್ತದವಳು ಆ ಹೋರ್ಡಿಂಗಿನ ಏಣಿ ಹತ್ತಿದ್ದಾಳೆ!

ಮೊನ್ನೆ ನೀನು ಮನೆಗೆ ಬಂದಾಗ ಅಮ್ಮ ಅಡಿಗೆಮನೆಯ ಕಿಟಕಿಯ ಹತ್ತಿರ ನಿಂತು "ಈಗ ಬಂದ್ರಾ?" ಅಂದಳಲ್ಲ, ನಿನಗೆ ಯಾಕೆ ಬಹುವಚನ ಅಂತ ನಾವು ನಕ್ಕೆವು. ಕೇಳಿದ್ದು ನಿನ್ನನ್ನಲ್ಲ.

ಹೊಸದನ್ನು ಕಟ್ಟುವಾಗಲೂ ಅಪ್ಪನನ್ನು ಬಿಚ್ಚಿಸಬೇಡ. ಏಣಿ ಅಲ್ಲಾಡುತ್ತದೆ, ಗಟ್ಟಿಯಾಗಿ ಬಿಗಿಸು.

ಕತ್ತರಿಯನ್ನು ಇದ್ದಲ್ಲೇ ಬಿಟ್ಟಿದ್ದೇನೆ.

ಅಕ್ಕ