ಯಾರೂ ಇಲ್ಲ ಅಂತ ಬರ್ಕೋ

ಗುರುವಾರ, ಮಧ್ಯಾಹ್ನ
ಆಸ್ಪತ್ರೆಯ ಫೋನ್ ಕೋಣೆಯಿಂದ

ಅಮ್ಮಾ,

ನಿನ್ನ ಮೇಲೆ ಬೆಟ್ಟದಷ್ಟು ಸಿಟ್ಟು ಇಟ್ಟುಕೊಂಡೇ ಈ ಕಾಗದ ಬರೆಯುತ್ತಿದ್ದೇನೆ. ಕ್ಷೇಮವೇ ಎಂದು ಕೇಳುವುದಿಲ್ಲ. ಕೇಳಿದರೆ ಕ್ಷೇಮ ಅನ್ನುತ್ತೀಯ, ಆ ಮಾತು ಎಷ್ಟು ನಿಜ ಅನ್ನುವುದು ನಿನ್ನೆ ಬೆಳಿಗ್ಗೆ ಗೊತ್ತಾಯಿತು. ಒಲೆಯ ಮೇಲೆ ಏನಾದರೂ ಇಟ್ಟಿದ್ದರೆ ಆರಿಸಿ ಬಾ. ಕೂತುಕೊಂಡು ಓದು.

ನಿನ್ನೆ ಬೆಳಿಗ್ಗೆ ನಿನಗೆ ಆಸ್ಪತ್ರೆಯಿಂದ ಫೋನ್ ಬಂದಿತ್ತಲ್ಲ, ಒಬ್ಬಳು ಗಂಟಲು ಕಟ್ಟಿದ ದನಿಯಲ್ಲಿ ನೋವು ಹೇಗಿದೆ, ಜ್ವರ ಬರುತ್ತಿದೆಯಾ ಎಂದೆಲ್ಲ ಕೇಳಿದಳಲ್ಲ, ಅವಳು ನಾನೇ. ಹೂಂ, ನಾನೇ. ನಿನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳು.

 

ಮಗಳು ಆಸ್ಪತ್ರೆಯಲ್ಲಿ ಫೋನ್ ಎತ್ತುತ್ತಾಳೆ ಎಂದು ಬೀದಿಯವರಿಗೆಲ್ಲ ಹೇಳಿಕೊಂಡು ತಿರುಗುತ್ತೀಯ. ಎತ್ತುವುದಕ್ಕಿಂತ ಮಾಡುವುದೇ ಹೆಚ್ಚಮ್ಮ. ನಮ್ಮ ಟ್ರಸ್ಟಿಗೆ ಇಲ್ಲೊಂದು ದೊಡ್ಡಾಸ್ಪತ್ರೆ, ಸುತ್ತಲಿನ ಊರುಗಳಲ್ಲಿ ಚಿಕ್ಕಾಸ್ಪತ್ರೆಗಳು. ಲಾಭಕ್ಕೆ ನಡೆಸುವುದಲ್ಲ, ದಾನಿಗಳ ಹಣದಲ್ಲಿ ನಡೆಯುವುದು. ಆಪರೇಷನ್ ಆದವರನ್ನು ಮನೆಗೆ ಕಳಿಸಿ ಕೈತೊಳೆದುಕೊಳ್ಳಬಾರದು ಎಂದು ನಾವು ಆಗಾಗ ಫೋನ್ ಮಾಡಿ ವಿಚಾರಿಸುತ್ತೇವೆ. ಅದಕ್ಕೊಂದು ಕಟ್ಟುಪಾಡಿದೆ. ಒಂದು ಊರಿನ ಆಸ್ಪತ್ರೆಯ ರೋಗಿಗೆ ಅದೇ ಊರಿನವರು ಫೋನ್ ಮಾಡುವಂತಿಲ್ಲ, ಬೇರೆ ಊರಿನವರೇ ಮಾಡಬೇಕು. ನೋಡಿಕೊಂಡ ನರ್ಸೇ ಫೋನ್ ಮಾಡಿದರೆ ಯಾರು ತಾನೇ ಬಾಯಿಬಿಟ್ಟು ದೂರು ಹೇಳುತ್ತಾರೆ? ಗುರುತಿಲ್ಲದವರಾದರೆ ಮನಸ್ಸಿನಲ್ಲಿದ್ದದ್ದು ಹೊರಗೆ ಬರುತ್ತದೆ.

ಈಗ ನಿನ್ನ ಬುದ್ಧಿವಂತಿಕೆ ನೋಡು. ನನಗೆ ಗೊತ್ತಾಗಬಾರದೆಂದು, ಒಂದೇ ಬಸ್ಸಿನಲ್ಲಿ ಬರಬಹುದಾದ ದೊಡ್ಡಾಸ್ಪತ್ರೆಯನ್ನು ಬಿಟ್ಟು, ಇನ್ನೊಂದು ದಿಕ್ಕಿನಲ್ಲಿ ಬಸ್ಸು ಬದಲಾಯಿಸಿಕೊಂಡು ಚಿಕ್ಕಾಸ್ಪತ್ರೆಗೆ ಹೋದೆ. ಆ ಚಿಕ್ಕಾಸ್ಪತ್ರೆಯ ಫೋನುಗಳೆಲ್ಲ ನಮ್ಮ ಕೋಣೆಯ ಪಾಲಿಗೇ ಬಂದಿವೆ. ನನ್ನಿಂದ ತಪ್ಪಿಸಿಕೊಂಡು ಓಡಿಹೋಗಿ ನೇರವಾಗಿ ನನ್ನ ಕಿವಿಗೇ ಬಂದು ಬಿದ್ದೆಯಲ್ಲಮ್ಮ!

ಮಷೀನು ತಾನೇ ನಂಬರ್ ಒತ್ತುತ್ತದೆ. ಯಾರ ಕಾಯಿಲೆ ಯಾರ ಬಾಯಿಗೂ ಬೀಳಬಾರದೆಂದು ನಮಗೆ ಹೆಸರು, ನಂಬರ್ ಎರಡೂ ತೋರಿಸುವುದಿಲ್ಲ, ವಯಸ್ಸು ಮತ್ತು ಏನು ಆಪರೇಷನ್ ಅನ್ನುವುದಷ್ಟೇ. ಎದೆಯಲ್ಲಿ ಗಡ್ಡೆ, ಎಡಗಡೆಯ ಸ್ತನವನ್ನು ಪೂರ್ತಿ ತೆಗೆದಿದೆ ಎಂದು ಓದಿಕೊಂಡು, ಪಾಪ, ಯಾವ ತಾಯಿಯೋ ಅಂದುಕೊಂಡೆ. ಅಷ್ಟರಲ್ಲಿ ಆ ಕಡೆಯಿಂದ "ಹಲೋ, ಯಾರದು?" ಅಂದೆ ನೀನು.

ರಾಂಗ್ ನಂಬರ್ ಇರಬೇಕು, ಮಷೀನಿಗೆ ಏನೋ ಆಗಿರಬೇಕು ಅಂದುಕೊಂಡೆ. ಆದರೆ ಫೋನ್ ಎತ್ತಿ ಕಳ್ಳನನ್ನು ಕೇಳಿದ ಹಾಗೆ "ಯಾರದು" ಅನ್ನುವವಳು ಈ ಲೋಕದಲ್ಲಿ ನೀನೊಬ್ಬಳೇ. ಅಮ್ಮ ನಾನು ಕಣೇ ಅನ್ನಬೇಕಿತ್ತು. ದಿನವೂ ಹೇಳಿ ಹೇಳಿ ರೂಢಿಯಾದ ಬಾಯಿ ತನ್ನಷ್ಟಕ್ಕೆ ತಾನೇ ಹೇಳಿತು: ನಮಸ್ಕಾರ, ಆಸ್ಪತ್ರೆಯಿಂದ ಮಾತಾಡ್ತಿದೀವಿ, ಆಪರೇಷನ್ ಆಗಿರೋದು ನಿಮಗೇನಾ ಅಂತ. ನೀನು "ನನಗೇ ಕಣಮ್ಮ, ಇನ್ಯಾರಿಗೆ" ಅಂದೆ. ಮಾತು ಕಲಿತಾಗಿನಿಂದ ನಿನ್ನನ್ನು ಒಂದು ದಿನ ನೀವು ಅಂದವಳಲ್ಲ ನಾನು. ನೀನೂ ಒಪ್ಪಿಕೊಂಡುಬಿಟ್ಟೆ. ಹೆತ್ತವಳಿಗೇ ದನಿ ಗೊತ್ತಾಗದಷ್ಟು ಆಸ್ಪತ್ರೆಯವಳಾಗಿಬಿಟ್ಟಿದ್ದೇನಾ ಅಂದುಕೊಂಡೆ.

ನೋವಿದೆಯಾ ಎಂದು ಕೇಳಿದೆ. ಹೇಳಿಕೊಳ್ಳುವಷ್ಟೇನಿಲ್ಲ ಅಂದೆ ನೀನು. ಆಮೇಲೆ "ನಿಜ ಹೇಳ್ಲಾ? ಬಟ್ಟೆ ಹಾಕ್ಕೊಳ್ಳೋಕೆ ಕೈ ಮೇಲೆತ್ತೋಕಾಗಲ್ಲ. ಕನ್ನಡಿ ಮೇಲೆ ಟವೆಲ್ ಹಾಕಿಟ್ಟಿದೀನಿ, ನೋಡ್ಕೊಳ್ಳೋಕೆ ಧೈರ್ಯ ಬರಲ್ಲ" ಅಂದೆ. ನಾನು ಹೂಂ, ಮುಂದೆ ಹೇಳಿ ಅಂದೆ. ನಿನ್ನಾಣೆ, ಅಷ್ಟೇ ಅಂದೆ.

ಹೋದ ತಿಂಗಳು ನಾನು ಫೋನ್ ಮಾಡಿದಾಗ ದೊಡ್ಡಮ್ಮನ ಮನೆಗೆ ಬಂದಿದ್ದೇನೆ ಅಂದಿದ್ದೆಯಲ್ಲ. ಹಿಂದೆ ಟೀಂ ಟೀಂ ಅನ್ನುತ್ತಿದೆ, ಅದೇನಮ್ಮ ಎಂದರೆ, ದೊಡ್ಡಮ್ಮನ ಹೊಸ ವಾಷಿಂಗ್ ಮೆಷಿನ್ ಅಂದೆ. ನಾನು ನಂಬಿದೆ! ನಮ್ಮ ಮನೆಯವರ ಜೊತೆ ವಾರ್ಡಿನಲ್ಲಿ ಹಗಲೂ ಇರುಳೂ ಮಾನಿಟರಿನ ಆ ಸದ್ದು ಕೇಳಿ ಕೇಳಿ ಕಿವಿ ತೂತಾದವಳು, ಅದನ್ನು ವಾಷಿಂಗ್ ಮೆಷಿನ್ ಎಂದು ನಂಬಿ, ದೊಡ್ಡಮ್ಮನಿಗೆ ಒಳ್ಳೆಯದಾಯಿತು ಬಿಡು ಅಂದೆ. ಎಷ್ಟು ಚೆನ್ನಾಗಿ ಕಿವಿಗೆ ಹೂವಿಟ್ಟೆಯಮ್ಮ ನನಗೆ. ಆಗ ನಿನಗೆ ಆಪರೇಷನ್ ಆಗಿತ್ತಂತೆ. ಪಕ್ಕದ ಹಾಸಿಗೆಯ ಹೆಂಗಸು ಫೋನ್ ಹಿಡಿದುಕೊಂಡಿದ್ದಳಂತೆ. ಇದನ್ನೆಲ್ಲ ನೀನು ನಿನ್ನೆ ಆಸ್ಪತ್ರೆಯ ಹುಡುಗಿಗೆ ನಗುನಗುತ್ತಾ ಹೇಳಿದೆ. ಆ ಹುಡುಗಿ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು ಕೇಳಿದಳು.

ಆಮೇಲೆ ಮನೆಯಲ್ಲಿ ಜೊತೆಗೆ ಯಾರಿದ್ದಾರೆ ಎಂದು ಕೇಳಬೇಕಿತ್ತು. ಕೇಳಿದೆ. "ಯಾರೂ ಇಲ್ಲ ಅಂತ ಬರ್ಕೋ" ಅಂದೆ.

ಬರ್ಕೋ ಅಂದೆಯಲ್ಲಮ್ಮ! ಎಷ್ಟು ಹಗುರವಾಗಿ ಅಂದೆ! ನಾನು ಬದುಕಿದ್ದೇನೆ, ಹತ್ತಿರದಲ್ಲೇ ಇದ್ದೇನೆ, ಫೋನಿನ ಈ ತುದಿಯಲ್ಲೇ ಇದ್ದೇನೆ. ಯಾರೂ ಇಲ್ಲ ಎಂದು ನನ್ನ ಕೈಯಿಂದಲೇ ಬರೆಸಿದೆ.

ಮಕ್ಕಳಿಲ್ಲವೇ ಎಂದು ಕೇಳುವ ಹಾಗಿಲ್ಲ ನಾವು. ಆದರೂ ಕೇಳಿದೆ. ಒಬ್ಬಳಿದ್ದಾಳೆ ಅಂದೆ ನೀನು. ನಿಮ್ಮ ದೊಡ್ಡಾಸ್ಪತ್ರೆಯಲ್ಲೇ ಕೆಲಸ, ಅವಳಿಗೆ ಮಾತ್ರ ಹೇಳಬೇಡಿ ಅಂದೆ. ಆಮೇಲೆ ಸೋಮವಾರದ ಮಾತು ಬಂತು. ಸೋಮವಾರದಿಂದ ನಿನಗೆ ಔಷಧಿಯ ಡ್ರಿಪ್ ಶುರುಮಾಡಬೇಕು, ಕೆಲವು ದಿನ ವಾರ್ಡಿನಲ್ಲಿರಬೇಕು, ಜೊತೆಗೊಬ್ಬರು ಇರಲೇಬೇಕು. ಬಿಟ್ಟರೆ ಗಡ್ಡೆ ಇನ್ನೊಂದು ಕಡೆ ತಲೆ ಎತ್ತಬಹುದು ಎಂದು ಡಾಕ್ಟರು ಬಿಡಿಸಿ ಹೇಳಿದ್ದಾರೆ. ಯಾರೂ ಇಲ್ಲದವರ ಜೊತೆ ಇರಲು ನಮ್ಮಲ್ಲಿ ಸ್ವಯಂಸೇವಕಿಯರಿದ್ದಾರೆ, ಒಬ್ಬರನ್ನು ಕಳಿಸುತ್ತೇವೆ ಎಂದೂ ಹೇಳಿದ್ದಾರೆ. ನೀನು "ಗುರುತಿಲ್ಲದವರ ಕೈಲಿ ವಾಂತಿ ಬಳಿಸ್ಕೊಳ್ಳೋದು ನನ್ನಿಂದಾಗಲ್ಲ. ಸೋಮವಾರ ನಾನು ಬರಲ್ಲ. ಆದಷ್ಟು ದಿನ ಆಗ್ಲಿ" ಅಂದೆ.

ಮಗಳನ್ನು ಕರೆಯಬಹುದಲ್ಲ ಎಂದು ಕೇಳಿದೆ. ಆಗ ನೀನು ಹೇಳಿದ ಮಾತನ್ನು ನಿನ್ನೆಯಿಂದ ಊಟ ಮಾಡುವಾಗ, ಬಸ್ಸಿಗೆ ನಿಂತಾಗ ಹೇಳಿಕೊಳ್ಳುತ್ತಲೇ ಇದ್ದೇನೆ. "ಅವಳ ಗಂಡ ಮಲಗಿದ್ದಷ್ಟು ದಿನ ಅವನ ಹಾಸಿಗೆ ಪಕ್ಕ ಸ್ಟೂಲಿನ ಮೇಲೇ ಕೂತಿದ್ಳು. ಅವನು ಹೋದ್ಮೇಲೆ, ಇನ್ನು ಈ ಜನ್ಮದಲ್ಲಿ ಯಾರ ಹಾಸಿಗೆ ಪಕ್ಕಾನೂ ಕೂರಲ್ಲಮ್ಮ ಅಂದ್ಳು. ಈಗೀಗ ತಲೆ ಬಾಚ್ಕೊಂಡು, ಒಳ್ಳೆ ಬಟ್ಟೆ ಹಾಕ್ಕೊಂಡು ಕೆಲಸಕ್ಕೆ ಹೋಗ್ತಿದಾಳೆ. ಮೊನ್ನೆ ಫೋನಲ್ಲಿ ಜೋರಾಗಿ ನಕ್ಕಳು. ನಾನೇ ಕೈಹಿಡ್ಕೊಂಡು ಹೋಗಿ ಮತ್ತೆ ಆ ಸ್ಟೂಲಿನ ಮೇಲೆ ಕೂರಿಸ್ಲಾ?" ಅಂದೆ.

ಅಷ್ಟು ಹೇಳಿ, "ನಿನ್ನ ಗಂಟಲು ಕಟ್ಟಿದೆ, ಬಿಸಿನೀರು ಕುಡಿಯಮ್ಮ" ಎಂದು ಫೋನ್ ಇಟ್ಟೆ.

ಪ್ರತಿಯೊಬ್ಬರ ಮಾತು ಮುಗಿದ ಮೇಲೆ ನಾವೊಂದು ಗುಂಡಿ ಒತ್ತಬೇಕು, ಬರುತ್ತಾರೆ ಅಥವಾ ಬರುವುದಿಲ್ಲ. ನಾನು "ಬರುತ್ತಾರೆ" ಒತ್ತಿಬಿಟ್ಟೆ. ನಿನ್ನನ್ನು ಕೇಳದೆ, ನೀನು ಹೇಳಿದ್ದಕ್ಕೆ ತದ್ವಿರುದ್ಧವಾಗಿ. ಎದ್ದು ಹೋಗಿ ಪಾತ್ರೆ ತೊಳೆಯುವ ತೊಟ್ಟಿಯ ಹತ್ತಿರ ನಿಂತು ಬಾಯಿಗೆ ಬಟ್ಟೆ ಒತ್ತಿಕೊಂಡು ಅತ್ತೆ.

ನಮ್ಮ ಕೋಣೆಯ ಮೇಲ್ವಿಚಾರಕಿಯನ್ನು ನಾವು ಹೆಡ್‌ಮಿಸ್ ಅನ್ನುತ್ತೇವೆ. ಕನ್ನಡಕ ಮೂಗಿನ ತುದಿಗೆ ಇಳಿಸಿ ನೋಡಿದರೆ ಎಂಥವರೂ ಬಾಯಿಬಿಡಬೇಕು. ನಾನೂ ಬಿಟ್ಟೆ. ಅವರು ದಂಗಾಗಿ ಕುರ್ಚಿಯಲ್ಲಿ ಕೂತರು. ಆಮೇಲೆ ಚೆನ್ನಾಗಿ ಬೈದರು. ನಮ್ಮವರೆಂದು ಗೊತ್ತಾದ ಕೂಡಲೇ ಫೋನನ್ನು ಪಕ್ಕದವರಿಗೆ ದಾಟಿಸಬೇಕು, ಅದು ನಿಯಮ. ನೀನು ಆಸ್ಪತ್ರೆಗೆ ಹೇಳಿದ್ದನ್ನು ಮಗಳು ಕದ್ದು ಕೇಳಿದಂತಾಯಿತು. ಮೇಲಾಗಿ, "ನಿಮ್ಮಮ್ಮ ಬರ್ತಾರೆ ಅಂತ ಒತ್ತಿದೀಯ. ಬರದೇ ಹೋದ್ರೆ ಆ ಹಾಸಿಗೆ ಖಾಲಿ ಬಿದ್ದಿರುತ್ತೆ, ಸರದಿಯಲ್ಲಿರೋ ಇನ್ಯಾರಿಗೋ ತಪ್ಪಿಹೋಗುತ್ತೆ. ಶುಕ್ರವಾರ ಸಂಜೆಯೊಳಗೆ ಅವರ ಬಾಯಿಂದಲೇ ಉತ್ತರ ತಗೊಂಡು ಬಾ" ಅಂದರು. ನಿನ್ನ ಹತ್ತಿರ ತಮ್ಮ ಪರವಾಗಿಯೂ ಕ್ಷಮೆ ಕೇಳು ಅಂದರು. ಈ ಕಾಗದದಲ್ಲೇ ಕೇಳುತ್ತಿದ್ದೇನೆ. ದೂರು ಕೊಡುವ ಹಕ್ಕು ನಿನಗಿದೆ. ಕೊಡಬೇಕು ಅನ್ನಿಸಿದರೆ ನಮ್ಮ ಕೋಣೆಗೇ ಫೋನ್ ಮಾಡು, ಅಂಥ ಫೋನುಗಳನ್ನು ಎತ್ತುವವಳೂ ನಾನೇ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀಯ. ನಿನ್ನೆ ಸಂಜೆ ಮನೆಯಿಂದ ಮಾಡಿದೆನಲ್ಲ, ಹೇಗಿದ್ದೀಯ ಎಂದರೆ "ನನಗೇನು ಧಾಡಿ, ಗುಂಡುಕಲ್ಲಿನ ಹಾಗಿದೀನಿ" ಅಂದೆ. ಬೆಳಿಗ್ಗೆ ಕನ್ನಡಿಯ ಮಾತು ಹೇಳಿದ ಅದೇ ಬಾಯಲ್ಲಿ! ನನಗೆ ದಿಗಿಲಾಗಿ, ಹೂಂ, ಒಳ್ಳೆಯದು ಎಂದು ಇಟ್ಟುಬಿಟ್ಟೆ. ಇಷ್ಟು ದಿನ ಪ್ರತಿ ಸಲವೂ ಹೀಗೇ ಒಳ್ಳೆಯದು ಎಂದು ಇಟ್ಟಿದ್ದೇನೆ. ಫೋನಿನಲ್ಲಿ ನಾವಿಬ್ಬರೂ ಸುಳ್ಳುಬುರುಕಿಯರು. ಅದಕ್ಕೇ ಈ ಕಾಗದ.

ಈಗ ನನ್ನ ಮಾತು ಕೇಳು. ಹಾಸಿಗೆ ಪಕ್ಕ ಕೂರಲ್ಲ ಅಂದದ್ದು ನಿಜ. ನಮ್ಮ ಮನೆಯವರ ಕೈ ನನ್ನ ಕೈಯಲ್ಲೇ ತಣ್ಣಗಾದ ಮೇಲೆ ಬಂದ ಮಾತು ಅದು. ಅದನ್ನು ನೀನು ಶಾಸನದ ಹಾಗೆ ಎದೆಯೊಳಗೆ ಬರೆದಿಟ್ಟುಕೊಂಡು, ಗಡ್ಡೆಯನ್ನೂ ಅಲ್ಲೇ ಬಚ್ಚಿಟ್ಟುಕೊಂಡೆಯಾ? ಹುಚ್ಚಿ ನೀನು. ನನ್ನನ್ನು ಉಳಿಸುತ್ತೇನೆಂದು ನನ್ನನ್ನೇ ಅನಾಥೆ ಮಾಡಲು ಹೊರಟಿದ್ದೀಯ, ಇದು ಯಾವ ಸೀಮೆಯ ಪ್ರೀತಿ? ಆಸ್ಪತ್ರೆಯ ಎಲ್ಲ ತಾಯಂದಿರಿಗೂ ಜ್ವರ ಇದೆಯಾ, ನಿದ್ದೆ ಬರುತ್ತಾ ಎಂದು ಕೇಳುವವಳ ತಾಯಿ ಕನ್ನಡಿಗೆ ಟವೆಲ್ ಹಾಕಿಕೊಂಡು ಒಬ್ಬಳೇ ಕೂತಿದ್ದಾಳೆ. ಇದನ್ನು ನೆನೆದರೆ ನನ್ನ ಕೆಲಸದ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಭಯವಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ತುಂಬ ಭಯವಿದೆ. ಇವತ್ತು ಬೆಳಿಗ್ಗೆ ಬೇಕೆಂದೇ ಇಲ್ಲಿಯ ಡ್ರಿಪ್ ವಾರ್ಡಿನ ಬಾಗಿಲವರೆಗೆ ಹೋದೆ. ಆ ಔಷಧಿಯ ವಾಸನೆ ಮೂಗಿಗೆ ಬಿದ್ದದ್ದೇ ಹಿಂದಕ್ಕೆ ಓಡಿಬಂದೆ. ಮತ್ತೆ ಹೋದೆ. ಎರಡನೆಯ ಸಲ ಒಳಗೆ ಹೋಗಿ ಗೋಡೆ ಹಿಡಿದುಕೊಂಡು ನಿಂತೆ. ಸೋಮವಾರವೂ ನಡುಗುತ್ತೇನೆ. ನಡುಗಿಕೊಂಡೇ ಕೂರುತ್ತೇನೆ. ನೀನು ವಾಂತಿ ಮಾಡಿಕೋ, ಬೈಯಿ, ಕೂಗಾಡು. ಬಳಿಯುವ ಕೈ ಗುರುತಿಲ್ಲದವರದ್ದಾಗಿರುವುದಿಲ್ಲ.

ನೀನು ಬರುವುದಿಲ್ಲ ಅಂದರೆ ಎತ್ತಿಕೊಂಡು ಹೋಗುವ ಶಕ್ತಿ ನನಗಿಲ್ಲ. ದೇಹ ನಿನ್ನದು, ಉತ್ತರವೂ ನಿನ್ನದೇ. ಆದರೆ ಆ ಉತ್ತರವನ್ನು ಆಸ್ಪತ್ರೆಯ ಹುಡುಗಿಗೆ ಹೇಳಬೇಡ. ಈ ಸಲ ನನಗೆ ಹೇಳು.

ಇಂತಿ,
ನೀನೇ ಹೆಸರಿಟ್ಟ ಹಾಗೆ,
ನಿನ್ನ ಸಿಡುಕಿ

ಮರೆತ ಮಾತು: ಇದನ್ನು ಶುಕ್ರವಾರ ಬೆಳಿಗ್ಗೆ ಬರೆಯುತ್ತಿದ್ದೇನೆ, ವ್ಯಾನು ಕುಲುಕುತ್ತಿದೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಚಿಕ್ಕಾಸ್ಪತ್ರೆಯಿಂದ ನಿನ್ನ ಬ್ಯಾಂಡೇಜು ಬದಲಾಯಿಸಲು ಮನೆಗೆ ಬರುತ್ತಾರಲ್ಲ, ಬೆಳಿಗ್ಗೆ ಅಲ್ಲಿಗೇ ಹೋಗಿ ಆ ನರ್ಸಮ್ಮನ ಕಾಲು ಹಿಡಿದೆ. ಕಾಗದ ಕೊಡ್ತೀನಿ, ಬಾಯಲ್ಲಿ ಮಾತ್ರ ಒಂದು ಮಾತೂ ಆಡಲ್ಲ ಅಂದಿದ್ದಾರೆ, ಅವರನ್ನು ಏನೂ ಕೇಳಬೇಡ. ರೋಗಿಯ ಕಡೆಯವರು ಒಬ್ಬರು ವ್ಯಾನಿನಲ್ಲಿ ಬರಬಹುದಂತೆ. ನಿನಗೆ ಯಾರೂ ಇಲ್ಲ ಎಂದು ಬರೆಸಿದ್ದೀಯಲ್ಲ, ನನ್ನನ್ನು ಯಾವ ಲೆಕ್ಕದಲ್ಲಿ ಹತ್ತಿಸಿಕೊಳ್ಳಬೇಕೋ ಎಂದು ಡ್ರೈವರಣ್ಣ ತಲೆ ಕೆರೆದುಕೊಂಡರು. ಮಗಳು ಅಂದೆ. ಹತ್ತಿಸಿಕೊಂಡರು. ನೀನು ಇದನ್ನು ಓದುವ ಹೊತ್ತಿಗೆ ನಿನ್ನ ಬಾಗಿಲ ಮುಂದೆ, ವ್ಯಾನಿನ ಹಿಂದಿನ ಸೀಟಿನಲ್ಲಿ ಕೂತಿರುತ್ತೇನೆ. ಅವರು ಬ್ಯಾಂಡೇಜು ಬಿಚ್ಚುವ ಮೊದಲು ನನ್ನನ್ನು ಒಳಗೆ ಕರೆಯಮ್ಮ. ನಾನೂ ನೋಡಬೇಕು.